ಸೀರೆ ಉಟ್ಟ ಕಬ್ಬಿಣದ ಚಪ್ಪರ

೧೯೮೮ರಲ್ಲಿ ನಾನು ಓದು ನಿಲ್ಲಿಸಿದೆ, ಎಂಟನೇ ತರಗತಿಯ ನಡುವಿನಲ್ಲಿ. ಓದು ನನ್ನನ್ನು ಬಿಟ್ಟಿತೋ ನಾನು ಓದನ್ನು ಬಿಟ್ಟೆನೋ ಎಂದು ಯಾರಾದರೂ ಕೇಳಿದರೆ, ಇಬ್ಬರೂ ಒಪ್ಪಿಕೊಂಡೇ ಬೇರೆಯಾದೆವು ಎನ್ನುತ್ತೇನೆ. ಅದೇ ವಾರ ಸಂಡೂರಿನಲ್ಲಿ ಅದಿರು ಲಾರಿಗಳ ತಳ ರಿಪೇರಿ ಮಾಡುವ ಶೆಡ್ಡೊಂದಕ್ಕೆ ವೆಲ್ಡಿಂಗ್ ಕಲಿಯಲು ಸೇರಿದೆ. ಈಗ ಹೊಸಪೇಟೆಯಲ್ಲಿ ನನ್ನದೇ ಶೆಡ್ ಇದೆ. ಗೇಟು, ಗ್ರಿಲ್ಲು, ಕಬ್ಬು ಹೇರುವ ಟ್ರಾಲಿ, ಕಂಪ್ಲಿಯ ಅಕ್ಕಿ ಗಿರಣಿಗಳಿಗೆ ಕಬ್ಬಿಣದ ಮೆಟ್ಟಿಲು, ಎಲ್ಲ ಮಾಡಿದ್ದೇನೆ. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ: ನಾನು ಕೂರಿಸಿದ ಗೇಟು ಇವತ್ತಿನವರೆಗೆ ಒಂದೂ ಜೋತುಬಿದ್ದಿಲ್ಲ. ಗೇಟಿಗಿಂತ ಹೆಚ್ಚಿನ ಗರ್ವ ನನಗೆ ನನ್ನ ಅಂಗೈಯದು. ಬೇರೆಯವರು ಕರವಸ್ತ್ರ ಸುತ್ತಿ ಹಿಡಿಯುವ ಚಹಾದ ಗ್ಲಾಸನ್ನು ನಾನು ಬರಿಗೈಯಲ್ಲಿ ಹಿಡಿದು, ಅದೇ ಕೈಯಲ್ಲಿ ಮಾತಿಗೆ ತಕ್ಕಂತೆ ಆಡಿಸುತ್ತ ಕುಳಿತಿರುತ್ತೇನೆ. ನೋಡಿದವರು “ಏನ್ ಕೈರೀ ನಿಮ್ಮದು!” ಎನ್ನಲಿ ಎಂದೇ ಎಷ್ಟೋ ಸಲ ಬೇಡದ ಚಹಾ ಕುಡಿದಿದ್ದೇನೆ. ಆ ಅಂಗೈಯೇ ಈ ವರ್ಷ ನನ್ನ ಮಾನ ಕಳೆಯಿತು.

ನಮ್ಮ ಕಡೆ ವಸಂತ ಎನ್ನುವುದು ಪಂಚಾಂಗದಲ್ಲಿ ಮಾತ್ರ ಬರುತ್ತದೆ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೊರಟರೆ, ಮರುದಿನ ಬೆಳಿಗ್ಗೆ ಬೇಸಿಗೆ ಬಂದು ನಮ್ಮ ಬಾಗಿಲಲ್ಲಿ ಚಪ್ಪಲಿ ಬಿಟ್ಟಿರುತ್ತದೆ. ಹಾಗಾಗಿ ಹಿತ್ತಲಲ್ಲಿ ಏನು ನೆಡುವುದಿದ್ದರೂ ಸಂಕ್ರಾಂತಿ ಮುಗಿದ ಕೂಡಲೇ ಮಣ್ಣು ಅಗೆದು ತಯಾರಾಗಬೇಕು. ಈ ಸಲ ಸಂಕ್ರಾಂತಿ ಮರುದಿನ ನನ್ನ ಹೆಂಡತಿ ಈರಮ್ಮ ರೊಟ್ಟಿ ಬಡಿಯುತ್ತ ಮಾತು ತೆಗೆದಳು.

“ಮಂಜುಳಾ ಚೊಚ್ಚಲ ಹೆರಿಗಿಗೆ ಬರ್ತಾಳ. ಈ ಸ್ಲಾಬಿನ ಮನಿ ಬ್ಯಾಸಿಗ್ಯಾಗ ಈ ಹಂಚು ಕಾದಂಗ ಕಾಯ್ತೈತಿ. ತುಂಬಿದ ಬಸುರಿ, ಎಲ್ಲಿ ಕುಂದ್ರಬೇಕ್ರೀ ಅಕಿ? ಹಿತ್ತಲದಾಗ ಒಂದು ಹೀರಿಬಳ್ಳಿ ಚಪ್ಪರ ಹಾಕಿಕೊಡ್ರಿ. ಮಧ್ಯಾನ ಅದರ ನೆಳ್ಳಾಗ ಕುಂದ್ರಲಿ. ಊರಿಗೆಲ್ಲ ಗೇಟ್ ಮಾಡಿಕೊಟ್ರಿ, ನನಗ ಇದೊಂದು ಮಾಡ್ರಿ.”

ಮಂಜುಳಾ ನಮ್ಮ ಒಬ್ಬಳೇ ಮಗಳು. ಸಂಡೂರಿಗೆ ಕೊಟ್ಟಿದ್ದೇವೆ, ಅಳಿಯ ಅಲ್ಲೇ ವಡ್ಡು ಎಂಬ ಊರಿನ ಕಡೆಯ ಕಾರ್ಖಾನೆಯಲ್ಲಿ ಪಾಳಿ ಕೆಲಸಕ್ಕೆ ಹೋಗುತ್ತಾನೆ. ಮಗಳಿಗೆ ನೆರಳು ಎಂದ ಮೇಲೆ ನಾನು ಎರಡು ಮಾತಾಡಲಿಲ್ಲ. ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು.

ನಾಲ್ಕು ದಿನ ಬಿಟ್ಟು ಮೆಟ್ರಿಯಿಂದ ಈರಮ್ಮನ ತಮ್ಮ ಬಸವರಾಜ ಟ್ರ್ಯಾಕ್ಟರಿನಲ್ಲಿ ಬಿದಿರು ಹೇರಿಕೊಂಡು ಬಂದ. ಅಕ್ಕನೇ ಹೇಳಿ ಕಳಿಸಿದ್ದಳಂತೆ. ಒಂದು ಬಟ್ಟೆಯ ಗಂಟಿನಲ್ಲಿ ತನ್ನ ಹೊಲದ ಹೀರೆಬೀಜವನ್ನೂ ತಂದಿದ್ದ. “ಮಾವ, ಒಂದು ತಾಸು ಟೈಮ್ ಕೊಡ್ರಿ, ಚಪ್ಪರ ನಿಂದ್ರಿಸಿ ಚಾ ಕುಡುದು ಹೋಗ್ತೀನಿ” ಎಂದ. ನನಗೆ ಎಲ್ಲಿಂದ ಉರಿ ಹತ್ತಿತೋ ಗೊತ್ತಿಲ್ಲ.

“ವೆಲ್ಡಿಂಗ್ ಶೆಡ್ಡಿನವನ ಹಿತ್ತಲದಾಗ ಬಿದರಿನ ಚಪ್ಪರ ಹಾಕಿದ್ರ ಮಂದಿ ಏನಂದಾರಲೇ? ಒಯ್ಯಿ ವಾಪಸ್ಸು. ನಾ ಕಬ್ಬಿಣದ್ದು ಮಾಡ್ತೀನಿ.”

“ಬಳ್ಳಿಗೇನು ಗೊತ್ತಾಗ್ತೈತ್ರಿ ಮಾವ, ಬಿದರ್ಯಾವುದು ಕಬ್ಬಿಣ ಯಾವುದು ಅಂತ?”

“ಬಳ್ಳಿಗೆ ಗೊತ್ತಾಗಲಿಲ್ಲಂದ್ರ ನನಗ ಗೊತ್ತಾಗ್ತೈತಿ.”

ಬೀಜದ ಗಂಟನ್ನು ಅಕ್ಕನ ಕೈಗಿಟ್ಟು, ಹೇರಿದ್ದ ಬಿದಿರನ್ನು ಇಳಿಸದೆಯೇ ಅವನು ಹೊರಟುಹೋದ. ಚಹಾ ಕುಡಿದನೋ ಇಲ್ಲವೋ ನಾನು ನೋಡಲಿಲ್ಲ.

ಮುಂದಿನ ಎರಡು ವಾರ ನಾನು ಶೆಡ್ಡಿನ ಕೆಲಸ ಬದಿಗಿಟ್ಟು ಹಿತ್ತಲಲ್ಲಿ ದುಡಿದೆ. ಮಣ್ಣು ಅಗೆದು, ಕಲ್ಲು ಆರಿಸಿ, ತಿಪ್ಪೆಗೊಬ್ಬರ ಬೆರೆಸಿದೆ. ಟೇಪು ಹಿಡಿದು, ದಾರ ಎಳೆದು ಮಡಿ ಮಾಡಿದೆ. ಮೂಲೆಗಳು ಎಷ್ಟು ನೆಟ್ಟಗಿದ್ದವೆಂದರೆ ಪುಂಡಿಸೊಪ್ಪು ಮೊಳೆಯಲು ಹೆದರಬೇಕು. ಆಮೇಲೆ ಚಪ್ಪರ. ನಾಲ್ಕು ಮೂಲೆಗೆ ದಪ್ಪ ಪೈಪಿನ ಕಂಬ, ಬುಡಕ್ಕೆ ಕಾಂಕ್ರೀಟು, ಮೇಲೆ ಗೇಣಿಗೊಂದರಂತೆ ರಾಡಿನ ಜಾಲರಿ, ತುಕ್ಕು ಹಿಡಿಯದಂತೆ ರೆಡ್ ಆಕ್ಸೈಡ್, ಅದರ ಮೇಲೆ ಎರಡು ಕೋಟ್ ಕರಿ ಬಣ್ಣ. ದರೋಜಿ ಕಾಡಿನ ಕರಡಿ ಸಂಸಾರ ಸಮೇತ ಬಂದು ಜೋತಾಡಿದರೂ ಅಲುಗಬಾರದು, ಹಾಗಿತ್ತು. ಪಕ್ಕದ ಮನೆಯ ಹನುಮಂತಪ್ಪ, ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು, ಗೋಡೆಯ ಮೇಲಿಂದ ಇಣುಕಿ ಕೇಳಿದರು: “ಇದು ಹೀರಿಬಳ್ಳಿಗೋ, ಇಲ್ಲಾ ಹೆಲಿಕಾಪ್ಟರ್ ಇಳಸಾಕೋ?” ನಾನು ಅದನ್ನು ಹೊಗಳಿಕೆ ಎಂದು ತಿಳಿದು, “ನಿಮಗೂ ಒಂದು ಮಾಡಿಕೊಡ್ತೀನಿ, ಹೇಳ್ರಿ” ಎಂದೆ. ಅವರು ತಲೆ ಒಳಗೆಳೆದುಕೊಂಡರು.

ಬೀಜ ಚೆನ್ನಾಗಿಯೇ ಮೊಳೆಯಿತು. ಈರಮ್ಮ ಬುಡಕ್ಕೆ ನೆಟ್ಟ ಕಡ್ಡಿಗಳನ್ನು ಹಿಡಿದು ಬಳ್ಳಿ ಮೊಳಕಾಲಿನವರೆಗೆ ಬಂತು, ಸೊಂಟದವರೆಗೆ ಬಂತು. ಕಡ್ಡಿ ಮುಗಿದು ಕಬ್ಬಿಣ ಶುರುವಾದಲ್ಲಿಗೆ ನಿಂತಿತು. ಎಳೆಯ ಕುಡಿ ಕಂಬವನ್ನು ಸುತ್ತುವುದು, ಎರಡು ದಿನದಲ್ಲಿ ಕಂದಿ ಮುರುಟುವುದು. ಇನ್ನೊಂದು ಕುಡಿ ಬರುವುದು, ಅದೂ ಮುರುಟುವುದು. ನಾನು ನೀರನ್ನು ಬೈದೆ, ಗೊಬ್ಬರವನ್ನು ಬೈದೆ. ದೃಷ್ಟಿ ತಾಗಿದೆ ಎಂದು ಕಂಬಕ್ಕೆ ಹಳೆಯ ಚಪ್ಪಲಿ ಕಟ್ಟಿದೆ. ಆ ದೃಷ್ಟಿ ಹನುಮಂತಪ್ಪನವರದೇ ಎಂದು ಮನಸ್ಸಿನಲ್ಲಿ ತೀರ್ಮಾನವನ್ನೂ ಮಾಡಿದೆ. ದಿನಾ ಮಧ್ಯಾಹ್ನ ಊಟಕ್ಕೆ ಬಂದಾಗ ಅದೇ ಕಂಬವನ್ನು ಹಿಡಿದು ನಿಂತು ಯೋಚಿಸಿದೆ. ಎಲ್ಲರನ್ನೂ ಅನುಮಾನಿಸಿದೆ, ಕೈಯಲ್ಲಿ ಹಿಡಿದದ್ದೊಂದನ್ನು ಬಿಟ್ಟು. ಕಡೆಗೆ ಉಳಿದದ್ದು ಬೀಜ.

ಶಿವರಾತ್ರಿ ಕಳೆದು ಸಂಡೂರಿನಲ್ಲಿ ಮಗಳ ಕುಬುಸದ ಕಾರ್ಯ ಇಟ್ಟುಕೊಂಡಿದ್ದರು. ಏಳು ತಿಂಗಳಿಗೆ ಬಸುರಿಗೆ ಸೀರೆ ಕುಬುಸ ಕೊಟ್ಟು, ಉಡಿ ತುಂಬಿ, ಊಟ ಮುಗಿಸಿ ತವರಿಗೆ ಕರೆದುಕೊಂಡು ಬರುವುದು ನಮ್ಮ ಪದ್ಧತಿ. ಪಂಕ್ತಿಯಲ್ಲಿ ನನ್ನ ಬಲಕ್ಕೆ ಬೀಗರು, ಎದುರು ಸಾಲಿನಲ್ಲಿ ಬಸವರಾಜ. ಬೀಗರು ಸುಮ್ಮನೆ ಮಾತಿಗೆ, “ಹಿತ್ತಲದಾಗ ಭಾಳ ದೊಡ್ಡ ಚಪ್ಪರ ಹಾಕೀರಂತಲ್ರೀ, ಬಳ್ಳಿ ಹಬ್ಬೇತೇನು?” ಎಂದರು. ನಾನು ಎರಡು ಸಾಲಿಗೂ ಕೇಳುವಂತೆ ಹೇಳಿದೆ: “ಚಪ್ಪರ ಮಸ್ತ್ ಐತ್ರಿ. ಬೀಜ ಪೊಳ್ಳು. ಮೆಟ್ರಿ ಬೀಜ. ಮನಿ ಮಂದಿ ಕೊಟ್ಟದ್ದು ಅಂತ ನಂಬಿದ್ನಿ ನೋಡ್ರಿ, ನಂದ ತಪ್ಪು.”

ಬಸವರಾಜ ತಲೆ ಎತ್ತಲಿಲ್ಲ. ಹೋಳಿಗೆ ಎರಡನೆಯ ಸಲ ಬಂದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿದು “ಸಾಕು” ಎಂದ. ಅವನು ಹೋಳಿಗೆಗೆ ಸಾಕು ಎಂದದ್ದನ್ನು ನಾನು ಅದೇ ಮೊದಲು ನೋಡಿದ್ದು. ಆಗಲೂ ನನಗೆ ಅನಿಸಿದ್ದು ಏನು ಗೊತ್ತೇ? ಸರಿಯಾಗಿ ತಾಗಿತು ಎಂದು.

ಮರುದಿನ ಮಧ್ಯಾಹ್ನ ಮಂಜುಳಾ ನಮ್ಮ ಹಿತ್ತಲಿಗೆ ಬಂದಳು. ಬಳ್ಳಿ ಹಬ್ಬದಿದ್ದರೂ ಮಗಳಿಗೆ ತೋರಿಸಬೇಕಲ್ಲ ಎಂದು ಚಪ್ಪರದ ಕೆಳಗೆ ಮಣೆ ಹಾಕಿದ್ದೆ. ಭಾರದ ಮೈಯಲ್ಲಿ ಮೆಲ್ಲಗೆ ಕೂರಲೆಂದು ಕಂಬ ಹಿಡಿದವಳು ಕಿರುಚಿ ಕೈ ಕಿತ್ತುಕೊಂಡಳು. “ಅಪ್ಪಾ! ಸುಡ್ತೈತಿ!” ನಾನು ಓಡಿ ಅವಳ ರಟ್ಟೆ ಹಿಡಿದು ಕೂರಿಸಿದೆ. ಆಮೇಲೆ ಕಂಬವನ್ನು ಪೂರ್ತಿ ಅಂಗೈಯಲ್ಲಿ ಹಿಡಿದು, “ಎಲ್ಲಿ ಸುಡ್ತೈತವ್ವ? ನೋಡಿಲ್ಲಿ, ತಣ್ಣಗೈತಿ” ಎಂದೆ. ಈರಮ್ಮ ಬಂದು ಒಂದು ಬೆರಳು ತಾಗಿಸಿ ಸೆರಗಿಗೆ ಒತ್ತಿಕೊಂಡಳು. ಮಗಳು ತನ್ನ ಕೆಂಪಾದ ಅಂಗೈಯನ್ನು ಊದಿಕೊಳ್ಳುತ್ತ ನನ್ನದನ್ನು ಹಿಡಿದು ಮಗುಚಿ ನೋಡಿದಳು. ಈರಮ್ಮ ಕಂಬಕ್ಕೆ ಅಂಟಿ ಒಣಗಿದ್ದ ಒಂದು ಕುಡಿಯನ್ನು ಉಗುರಿನಿಂದ ಬಿಡಿಸಿ ಹೇಳಿದಳು:

“ಪಾಪ, ಇದಕ್ಕ ನಿಮ್ಮಂಥ ಕೈ ಇಲ್ಲಲ್ರೀ.”

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಮೂವತ್ತೇಳು ವರ್ಷ ಕಬ್ಬಿಣದ ಜೊತೆ ಬದುಕಿದವನಿಗೆ ಬಿಸಿಲಿಗೆ ಕಬ್ಬಿಣ ಕಾಯುತ್ತದೆ ಎಂದು ತಿಳಿಯದೇ ಹೋದದ್ದನ್ನು ಯಾರಿಗೆ ಹೇಳಲಿ? ಬಿಸಿಲು ಸಾಲದೆಂದು ಕರಿ ಬಣ್ಣ ಬೇರೆ ಬಳಿದಿದ್ದೆ. ಆ ದಿನ ಶೆಡ್ಡಿಗೆ ಹೋಗಿ ಚಹಾ ಬಂದರೂ ಮುಟ್ಟಲಿಲ್ಲ.

ಈರಮ್ಮ ಟ್ರಂಕು ತೆಗೆದಳು. ಅವಳ ಹಳೆಯ ನೂಲಿನ ಸೀರೆಗಳನ್ನು ಉದ್ದಕ್ಕೆ ಸೀಳಿ ಕಂಬಕ್ಕೆ, ರಾಡಿಗೆ ಸುತ್ತಿದೆವು. ಅವಳು ಸುತ್ತುವುದು, ನಾನು ಏಣಿಯ ಮೇಲೆ ನಿಂತು ಗಂಟು ಹಾಕುವುದು. ಒಂದು ಕಂಬಕ್ಕೆ ಹಳದಿ, ಒಂದಕ್ಕೆ ಕೆಂಪು ಚೌಕಳಿ. ಉಳಿದ ಎರಡು ಸೀರೆಯನ್ನು ತೋಯಿಸಿ ಮೇಲೆ ಹರವಿ ಮಗಳಿಗೆ ಸದ್ಯದ ನೆರಳು ಮಾಡಿದಳು. ಹನುಮಂತಪ್ಪನವರ ತಲೆ ಗೋಡೆಯ ಮೇಲೆ ಮತ್ತೆ ಮೂಡಿತು. “ಏನ್ರೀ, ಚಪ್ಪರಕ್ಕೂ ಕುಬುಸ ಮಾಡಾಕತ್ತೀರೇನು?” ನಾನು ಏಣಿಯ ಮೇಲಿಂದಲೇ ನಕ್ಕೆ. ಬೇರೆ ದಾರಿ ಇರಲಿಲ್ಲ.

ಬಳ್ಳಿಯ ಸಮಸ್ಯೆ ಸೀರೆಗೆ ಮುಗಿಯಿತು, ಬಸವರಾಜನದು ಉಳಿಯಿತು. ಒಂದು ಬೆಳಿಗ್ಗೆ ಬೈಕು ಹತ್ತಿ ಮೆಟ್ರಿಗೆ ಹೋದೆ. ದಾರಿಯುದ್ದಕ್ಕೂ “ತಪ್ಪಾತು” ಎನ್ನುವ ಮಾತನ್ನು ಬಾಯಲ್ಲಿ ಆಡಿಸಿಕೊಂಡು ಹೋದೆ. ಅವನು ಬಾಳೆತೋಟದಲ್ಲಿದ್ದ. ನಾನು ವಾಪಸು ಕಳಿಸಿದ್ದ ಬಿದಿರೆಲ್ಲ ಬಾಳೆಗೊನೆಗಳಿಗೆ ಊರುಗೋಲಾಗಿ ನಿಂತಿತ್ತು. ಅವನನ್ನು ಕಂಡ ಕೂಡಲೇ ಬಾಯಲ್ಲಿದ್ದ ಮಾತು ಹೊಟ್ಟೆಗಿಳಿಯಿತು. “ಗೊನಿ ಛಲೋ ಬಂದಾವ” ಎಂದೆ. “ಹೂಂ” ಎಂದ. “ಕಾಲುವಿ ನೀರು ಬರ್ತೈತೇನು?” ಎಂದೆ. “ಹೂಂ” ಎಂದ. ಇನ್ನು ಕೇಳಲು ಏನೂ ಉಳಿಯಲಿಲ್ಲ. “ನಿನ್ನ ಬೀಜ ಛಲೋ ಅದಾವೋ. ಕಬ್ಬಿಣ ಕಾದು ಬಳ್ಳಿ ಸುಟ್ಟಿತ್ತು” ಎಂದೆ.

ಅವನು ನಗಲಿಲ್ಲ. ಕುಡುಗೋಲು ಕೆಳಗಿಟ್ಟು ಹೇಳಿದ: “ಮಾವ, ಇಲ್ಲಿ ಹೇಳಿದ್ರ ಯಾರಿಗೆ ಕೇಳಬೇಕ್ರಿ, ಬಾಳಿಗಿಡಕ್ಕ? ಬೀಗರ ಮುಂದ ಅಂದ್ರಿ, ಬೀಗರ ಮುಂದ ಹೇಳ್ರಿ.” ಅಷ್ಟು ಹೇಳಿ, ಚಹಾ ಕುಡಿಯದೆ ಹೋಗಲು ಬಿಡಲಿಲ್ಲ. ಅದೊಂದು ನನಗೆ ಇನ್ನೂ ಚುಚ್ಚುತ್ತದೆ.

ಸೀರೆ ಹಿಡಿದುಕೊಂಡು ಬಳ್ಳಿ ಮೇಲೆ ಬಂತು. ಮಗಳ ಕೊನೆಯ ತಿಂಗಳಿಗೆ ಅರ್ಧ ಚಪ್ಪರ ಹಸಿರಾಗಿತ್ತು. ಅರ್ಧದಲ್ಲೇ ಮಣೆ ಸರಿಸಿಕೊಂಡು ಕೂರುತ್ತಿದ್ದಳು. ಮೊಮ್ಮಗ ಹುಟ್ಟಿದ. ತೊಟ್ಟಿಲಿಗೆ ಹಾಕುವ ದಿನ ಸಂಡೂರಿನ ಬೀಗರು, ಮೆಟ್ರಿಯ ಬಸವರಾಜ ಎಲ್ಲರೂ ಬಂದರು. ಈರಮ್ಮ ಆ ಬಳ್ಳಿಯದೇ ಹೀರೆಕಾಯಿಯ ಎಣಗಾಯಿ ಮಾಡಿದ್ದಳು. ಎಲ್ಲರೂ ಎಲೆಯ ಮುಂದೆ ಕೂತಾಗ ನಾನು ಪಲ್ಯದ ಪಾತ್ರೆ ಹಿಡಿದುಕೊಂಡೇ ಗಂಟಲು ಸರಿಮಾಡಿದೆ. “ಬೀಗರ, ಅವತ್ತು ನಾ ಬೀಜಕ್ಕ ಅಂದ ಮಾತು ವಾಪಸ್ ತಗೊಂಡೀನ್ರಿ.”

ಬೀಗರು ತುತ್ತು ಹಿಡಿದುಕೊಂಡು ನನ್ನ ಮುಖ ನೋಡಿದರು. “ಯಾವ ಬೀಜರೀ? ಏನಂದಿದ್ರಿ?”

ಅವರಿಗೆ ನೆನಪೇ ಇರಲಿಲ್ಲ. ಆ ಪಂಕ್ತಿಯಲ್ಲಿ ಯಾರಿಗೂ ಇರಲಿಲ್ಲ. ಊರಿಗೆಲ್ಲ ಮರೆತುಹೋದದ್ದು ಇಬ್ಬರಲ್ಲಿ ಮಾತ್ರ ಉಳಿದಿತ್ತು. ಬಸವರಾಜನ ಕಡೆ ನೋಡಿದೆ. ಅವನು ಎಲೆ ನೋಡುತ್ತ ಕಾಯುತ್ತಿದ್ದ. ಸರಿ, ಬೈದದ್ದನ್ನು ವಾಪಸು ತೆಗೆದುಕೊಳ್ಳಬೇಕಾದರೆ ಮೊದಲು ಏನು ಬೈದಿದ್ದೆ ಎಂದು ಹೇಳಬೇಕಲ್ಲ. ಹೇಳಿದೆ. ಬಿದಿರು ವಾಪಸು ಕಳಿಸಿದ್ದು, ಚಪ್ಪಲಿ ಕಟ್ಟಿದ್ದು, ಅಂಗೈಯ ಕಥೆ, ಎಲ್ಲ. ಗೊತ್ತಿಲ್ಲದವರಿಗೂ ಗೊತ್ತಾಯಿತು. ಬೀಗರಿಗೆ ನಕ್ಕು ನಕ್ಕು ಕೆಮ್ಮು ಹತ್ತಿತು, ಒಳಗಿನ ಹೆಂಗಸರು ಬಾಗಿಲಿಗೆ ಬಂದು ನಿಂತರು. ನಾನು ಪಾತ್ರೆ ಹಿಡಿದು ಬೆವರುತ್ತಿದ್ದೆ. ಗದ್ದಲ ಇಳಿದ ಮೇಲೆ ಬಸವರಾಜ, “ಆತು ಬಿಡ್ರಿ ಮಾವ, ಪಲ್ಯ ಆರ್ತೈತಿ, ಹಾಕ್ರಿ ಇತ್ತಕಡೆ” ಎಂದ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಶೆಡ್ ಒಂದು, ವೆಲ್ಡಿಂಗ್ ಮಷಿನ್ ಎರಡು, ಹೆಂಡತಿ ಒಬ್ಬಳು, ಮಗಳು ಒಬ್ಬಳು, ಮೊಮ್ಮಗ ಒಬ್ಬ, ಮಾತಾಡುವ ಮೈದುನ ಒಬ್ಬ. ಹೀರೆಬಳ್ಳಿ ಐದು, ಸೀರೆ ಉಟ್ಟ ಚಪ್ಪರ ಒಂದು. ಅಂಥದೇ ಇನ್ನೊಂದು ಮಾಡಿಕೊಡಿ ಎಂದು ಕೇಳಿ ಬಂದವರು, ಒಬ್ಬರೂ ಇಲ್ಲ.