ವಸಡಿಗೆ ಬಂದ ಅಂಕಗಳು

ಐದು ಎಂದಳೋ, ಆರು ಎಂದಳೋ, ಈಗ ಖಚಿತವಿಲ್ಲ. ಆ ದಿನ ಮಳೆ ಇತ್ತೆಂಬುದೂ ಅನುಮಾನವೇ. ವರ್ಷವಿಡೀ ಜಿನುಗುವ ಸಿಯಾಟಲ್ ಕಡೆಯವರ ನೆನಪಿಗೆ ಮಳೆ ಪುಕ್ಕಟೆ ಸೇರಿಕೊಳ್ಳುತ್ತದೆ. ನಾನು ಹಿಗ್ಗಿದ್ದು ಮಾತ್ರ ನಿಜ. ಪಕ್ಕದ ಬೆಲ್ವ್ಯೂ ಊರಿನ ದಂತವೈದ್ಯರಲ್ಲಿ ಹಲ್ಲು ಶುಚಿ ಮಾಡುವ ಹೆಂಗಸು ಸಣ್ಣ ಕಡ್ಡಿಯೊಂದನ್ನು ವಸಡಿನ ಅಂಚಿಗೆ ತೂರಿಸುತ್ತ ಒಂದೊಂದು ಹಲ್ಲಿಗೂ ಅಂಕಿ ಕೂಗುತ್ತಿದ್ದಳು. ಅರ್ಧಗೋಡೆಯಾಚೆಯ ಕುರ್ಚಿಯಲ್ಲಿ ನನ್ನ ಹೆಂಡತಿ ಸುಧಾ. ಅವಳಿಗೆ ಎರಡು, ಮೂರು, ಎರಡು. ನನಗೆ ನಾಲ್ಕು, ಐದು, ಮತ್ತೆ ಐದೋ ಆರೋ! ತೆರೆದ ಬಾಯಲ್ಲೇ ಬೀಗಿದೆ. ಅಂಕಪಟ್ಟಿ ನೋಡಿಕೊಂಡೇ ಬೆಳೆದ ನಮ್ಮಂಥವರಿಗೆ ಅಂಕಿ ಹೆಚ್ಚಿದಷ್ಟೂ ಒಳ್ಳೆಯದು. ಬಿಪಿ, ಶುಗರ್ ಬಂದ ಮೇಲೂ ಈ ಅಭ್ಯಾಸ ಹೋಗಿಲ್ಲ.

ಕಾರಿನಲ್ಲಿ, "ನೋಡಿದ್ಯಾ, ನಿಂಗಿಂತ ನಂದೇ ಜಾಸ್ತಿ" ಎಂದೆ.

ಸುಧಾ ಧಾರವಾಡದವಳು, ಮಾತನ್ನು ಸಕ್ಕರೆಯಲ್ಲಿ ಸುತ್ತಿ ಕೊಡುವವಳಲ್ಲ. "ಮಾರ್ಕ್ಸ್ ಅಲ್ರೀ ಅವು, ವಸಡಿನಾಗಿನ ಕುಣಿ! ಎಷ್ಟು ಮಿಲಿಮೀಟರ್ ಆಳ ಐತಿ ಅಂತ ಅಳೀತಾರ. ಇಳೀಲಿಲ್ಲಂದ್ರ ವಸಡು ಕೊಯ್ತಾರಂತ. ಡಾಕ್ಟರ್ ಹೇಳಿದ್ದು ಕೇಳಿಸಲಿಲ್ಲೇನು?"

"ದಿನಾ ಅಷ್ಟು ಗಟ್ಟಿಯಾಗಿ ಉಜ್ತೀನಲ್ಲೇ?"

"ಹಲ್ಲು ತಿಕ್ಕೂದಂದ್ರ ಬೋಗುಣಿ ತಿಕ್ಕಿದಂಗಲ್ರೀ."

ಮೈಸೂರಿನ ನಾನು ಉಜ್ಜುವವನು, ಅವಳು ತಿಕ್ಕುವವಳು. ಎರಡು ಮಾತಿನಲ್ಲೂ ತಳ ಹಿಡಿದ ಪಾತ್ರೆಯೇ ಕಣ್ಣಿಗೆ ಬರುತ್ತದೆ. ಸವರುವುದು ಎಂದಿದ್ದರೆ ನನ್ನ ವಸಡು ಹೀಗೆ ಹಿಂದೆ ಸರಿಯುತ್ತಿತ್ತೆ? ಅಂದಿನಿಂದ ಸವರತೊಡಗಿದೆ: ಮೆತ್ತನೆಯ ಬ್ರಷ್ಷನ್ನು ವಸಡಿನಂಚಿಗೆ ಓರೆಯಾಗಿ ಹಿಡಿದು, ಮೆಲ್ಲಗೆ. ವೈದ್ಯರು ಆಳದ ಪಾಚಿ ಕೆರೆದು ತೆಗೆದರು. ಮಿಕ್ಕದ್ದು ನನ್ನ ಪಾಲು. ಫ್ಲಾಸ್ ದಾರವನ್ನು ಬೆರಳಿಗೆ ಸುತ್ತಿ ಪ್ರತಿ ಸಂದಿಗೂ ಇಳಿಸುವಾಗ ನನ್ನ ಏಕಾಗ್ರತೆ ಮಲ್ಲಿಗೆ ಕಟ್ಟುವವರದು. ಮೊದಮೊದಲು ರಕ್ತ ಬಂತು. "ಬಿಡಬ್ಯಾಡ್ರಿ, ಹೊಲಸು ಕುಂತಲ್ಲೇ ರಕ್ತ ಬರೂದು" ಎಂದಳು ಸುಧಾ. ಬಿಡಲಿಲ್ಲ. ಆಫೀಸಿನಲ್ಲಿ ಕೇಳದವರಿಗೂ ದಾರದ ಮಹಿಮೆ ಹೇಳಿದೆ. ಊಟದ ಹೊತ್ತಿಗೆ ನನ್ನ ಮೇಜು ಖಾಲಿಯಾಗತೊಡಗಿತು.

ಮೊನ್ನೆ ಮತ್ತೆ ಅಳೆದರು: ಎರಡು, ಎರಡು, ಮೂರು. ಕೊಯ್ಯುವುದು ಬೇಡ ಎಂದರು ವೈದ್ಯರು. ಕಡಿಮೆ ಅಂಕಕ್ಕೆ ಜೀವಮಾನದಲ್ಲಿ ಮೊದಲ ಸಲ ಎದೆಯುಬ್ಬಿಸಿ ಹೊರಬಂದೆ.

"ಈ ಸಲ ಅಳದಾಕಿ ಬ್ಯಾರೆ ಹುಡುಗಿ ಅಲ್ರೀ?" ಎಂದಳು ಸುಧಾ, ಕೋಟು ತೊಡುತ್ತ. "ಕೈ ಭಾಳ ಹಗುರ ಐತಿ ಆಕೀದು."

ಹೌದು, ಬೇರೆಯವಳೇ. ನನ್ನ ವಸಡು ಬಿಗಿಯಾಯಿತೋ, ಆಕೆಯ ಕಡ್ಡಿ ಆಳಕ್ಕೆ ಇಳಿಯಲಿಲ್ಲವೋ, ನನಗೆ ಗೊತ್ತಿಲ್ಲ.