ಕೇತುವಿನ ಅಮ್ಮನ ಕಾಯಿಲೆ

ಏನು ಕೆಲಸ ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ ನಾನು ಸ್ವಲ್ಪ ತಡವರಿಸುತ್ತೇನೆ. ವೈಟ್‌ಫೀಲ್ಡಿನ ಒಂದು ಕಚೇರಿಯಲ್ಲಿ ಕೂತು, ಜನ ಮೊಬೈಲಿನಲ್ಲಿ ಕೇಳುವ ಧಾರಾವಾಹಿಗೆ ಬಾಹ್ಯಾಕಾಶದ ಕಥೆ ಬರೆಯುತ್ತೇನೆ. ನಾನು ಈ ಜನ್ಮದಲ್ಲಿ ಹತ್ತಿದ ಅತಿ ಎತ್ತರದ ಜಾಗವೆಂದರೆ ಎಲೆಕ್ಟ್ರಾನಿಕ್ ಸಿಟಿಯ ಮೇಲ್ಸೇತುವೆ. ಅಲ್ಲಿಂದಾಚೆಗೆ ಶನಿಗ್ರಹದವರೆಗೂ ಊಹೆಯೇ ಗತಿ.

ನಮ್ಮ ಕಥೆಯ ನಾಯಕ ಸತ್ಯವಂತ, ಆದ್ದರಿಂದ ಅವನನ್ನು ಯಾರೂ ಕೇಳುವುದಿಲ್ಲ. ಎಲ್ಲರಿಗೂ ಬೇಕಾದವನು ನೌಕೆಯ ಮೆಕ್ಯಾನಿಕ್ ಕೇತು. ಅವನು ಇಂಧನವನ್ನು ಕದ್ದು ಶತ್ರುಗಳಿಗೆ ಮಾರಿದ, ಆಮೇಲೆ ಅಪಾಯದಲ್ಲಿ ತನ್ನ ಆಮ್ಲಜನಕದ ಸಿಲಿಂಡರನ್ನೇ ಒಂದು ಮಗುವಿಗೆ ಕೊಟ್ಟ. ಜನ ಅವನಿಗೆ ಎಷ್ಟು ಮರುಳಾದರೆಂದರೆ ಅವನೊಬ್ಬನದೇ ಬೇರೆ ಧಾರಾವಾಹಿ ಮಾಡಬೇಕೆಂದು ಕಂಪನಿ ತೀರ್ಮಾನಿಸಿತು. “ಯಾಕೆ ಮಾರ್ದ ಅನ್ನೋದಕ್ಕೆ ಒಂದು ಕಾರಣ ಕೊಡು ಗುರು. ಕೇಳಿದೋರು ಅಳ್ಬೇಕು,” ಎಂದರು ಮ್ಯಾನೇಜರು. ನಾನು ಕೇತುವಿಗೆ ಒಬ್ಬ ತಾಯಿಯನ್ನು ಕೊಟ್ಟು, ಆಕೆಗೆ ವಾಸಿಯಾಗದ ಕಾಯಿಲೆಯನ್ನೂ ಕೊಟ್ಟೆ.

ಇದಕ್ಕೆ ಮೊದಲು ತಕರಾರು ತೆಗೆದವರು ನಮ್ಮ ಮನೆಯ ಓನರ್ ಜಯಮ್ಮ. ಕುಂದಲಹಳ್ಳಿಯ ಮೂಲ ಒಕ್ಕಲು ಮನೆತನದವರು. ಕೆಳಗಿನ ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಾ ನನ್ನ ಧಾರಾವಾಹಿ ಕೇಳುವುದು ಅವರ ಪದ್ಧತಿ. ಒಂದು ಸಂಜೆ ನಾನು ಮೆಟ್ಟಿಲು ಹತ್ತುವಾಗ ಕರೆದರು.

“ಕೇತುಗೆ ಯಾಕ್ ಸಾರ್ ಅಮ್ಮನ ಕಾಯ್ಲೆ ಅಂಟಿಸಿದ್ರಿ?”

“ಕಾರಣ ಇಲ್ದೆ ಯಾರಾದ್ರೂ ದ್ರೋಹ ಮಾಡ್ತಾರಾ, ಜಯಮ್ಮನೋರೇ?”

“ನಮ್ ತಮ್ಮಂಗೆ ಏನ್ ಕಾರಣ ಇತ್ತು?”

ತಮ್ಮ ಮುನಿರಾಜು, ಅಕ್ಕನಿಗೆ ಒಂದು ಮಾತೂ ಹೇಳದೆ, ಅಪ್ಪನ ಕಾಲದ ಬಾವಿ ಹೊಲವನ್ನು ಮಾರಿ ಕಾರು ತೆಗೆದುಕೊಂಡಿದ್ದನಂತೆ. ಅಂದಿನಿಂದ ಮಾತಿಲ್ಲ.

“ಪೆಟ್ರೋಲ್ ಮಾರ್ಕೊಂಡೋನು ಮಗೀಗೆ ಉಸ್ರು ಕೊಟ್ನಲ್ಲ, ಅವತ್ತೇ ಮುನಿರಾಜುಗೆ ಫೋನ್ ಮಾಡ್ದೆ. ಗೌರಿ ಹಬ್ಬಕ್ಕೆ ಬಾ ಅಂದೆ. ಕೆಟ್ಟೋನಾದ್ರೂ ಬರ್ಲಿ ಅಂತ ಕರ್ದೆ ನಾನು. ಈಗ ನೀವು ಅವನ್ನ ಪಾಪದೋನು ಮಾಡ್ಬುಟ್ರೆ, ನಾನು ಕರ್ದಿದ್ದು ಯಾರ್ನ?”

ಹಬ್ಬದ ಊಟಕ್ಕೆ ನನ್ನನ್ನೂ ಕರೆದರು.

ಹಬ್ಬದ ದಿನ ಮುನಿರಾಜು ಬಾಗಿನ ಹಿಡಿದು ಬಂದ. ತಲೆ ನರೆತಿತ್ತು, ಕಾರಿಗೂ ವಯಸ್ಸಾಗಿತ್ತು. ಎಲೆಯ ಮುಂದೆ ನನ್ನ ಪಕ್ಕದಲ್ಲೇ ಕೂತು ನನ್ನ ಕೈ ಹಿಡಿದುಕೊಂಡ. “ಅಕ್ಕ ಹೇಳಿದ್ಮೇಲೆ ನಾನೂ ಕೇಳ್ದೆ ಸಾರ್. ಕೇತು ಕಷ್ಟ ಕೇಳಿ ಕಣ್ಣಲ್ಲಿ ನೀರು ಬಂತು. ನಂದೂ ಅಂಗೇ. ಅವತ್ತಿನ ನನ್ ಪರಿಸ್ಥಿತಿ…”

ಒಬ್ಬಟ್ಟಿಗೆ ತುಪ್ಪ ಬಡಿಸುತ್ತಿದ್ದ ಜಯಮ್ಮನ ಕೈ ಅಲ್ಲೇ ನಿಂತಿತು. “ಏನ್ ಪರಿಸ್ಥಿತಿ, ಮುನಿರಾಜು?”

ಅವನಿಗೆ ಆ ನೆಪವನ್ನು ಸರಬರಾಜು ಮಾಡಿದವನು ನಾನೇ ಆದ್ದರಿಂದ, ತಲೆ ತಗ್ಗಿಸಿ ಕೋಸಂಬರಿ ತಿನ್ನುತ್ತಿದ್ದೆ. ಅವನು ನನ್ನ ಕೈ ಬಿಟ್ಟ.

“ಕಾರ್ ಬೇಕಾಗಿತ್ತು ಕಣಕ್ಕ. ಅಷ್ಟೇಯ.”

ಜಯಮ್ಮ ತುಪ್ಪ ಹಾಕಿದರು. ಅದು ಒಬ್ಬಟ್ಟನ್ನು ದಾಟಿ ಪಲ್ಯದವರೆಗೂ ಹರಿಯಿತು. “ತಿನ್ನು,” ಎಂದು ಹೇಳಿ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಒಳಗೆ ಹೋದರು.

ಮರುದಿನ ಕಚೇರಿಯಲ್ಲಿ ನಾನು ಮುಂದಿನ ಕಂತಿನಲ್ಲಿ, ತಾಯಿಯ ಕಾಯಿಲೆ ಕೇತುವೇ ಕಟ್ಟಿದ ಸುಳ್ಳು ಎಂದು ಮಾಡಿ, ಆಕೆಯನ್ನು ಕಥೆಯಿಂದಲೇ ತೆಗೆದುಹಾಕಿದೆ. ಯಾಕೆ ಮಾರಿದೆ ಎಂದು ಕೇಳಿದವರಿಗೆ ಅವನು, ‘ನನಗೆ ಬೇಕಾಗಿತ್ತು’ ಎಂದಷ್ಟೇ ಹೇಳುವ ಹಾಗೆ ಬರೆದೆ. ನಾನು ಬರೆದದ್ದರಲ್ಲಿ ನನಗೇ ಮೆಚ್ಚುಗೆಯಾದದ್ದು ಅದೊಂದೇ. ಮ್ಯಾನೇಜರು ಓದಿ ತಲೆ ಆಡಿಸಿದರು. “ಚೆನ್ನಾಗೇನೋ ಇದೆ. ಆದ್ರೆ ನಂಬೋಕಾಗಲ್ಲ ಗುರು. ನಿಜವಾಗ್ಲೂ ಯಾರು ಹಿಂಗೆ ಒಪ್ಕೊಳ್ತಾರೆ? ಅಮ್ಮನ್ನ ವಾಪಸ್ ತಗೊಂಡ್ ಬಾ.”

ನಾನು ವಾದ ಮಾಡಬಹುದಿತ್ತು. ಮಾಡಲಿಲ್ಲ. ಸಂಜೆಯೊಳಗೆ ತಾಯಿಯನ್ನು ವಾಪಸು ಕರೆತಂದು, ಕಾಯಿಲೆಯನ್ನು ಇನ್ನಷ್ಟು ಉಲ್ಬಣಗೊಳಿಸಿದೆ. ಈಗ ಜಯಮ್ಮ ಜಗಲಿಯಲ್ಲಿ ಕೂತಿರುವಾಗ ನಾನು ಚಪ್ಪಲಿ ಕೈಯಲ್ಲಿ ಹಿಡಿದು ಸದ್ದಿಲ್ಲದೆ ಮೆಟ್ಟಿಲು ಹತ್ತುತ್ತೇನೆ. ಯಾಕೆ ಹಾಗೆ ಮಾಡಿದಿರಿ ಎಂದು ಅವರು ಕೇಳಿಯೇ ಬಿಟ್ಟರೆ ಏನು ಹೇಳಲಿ? ನೆಪ ಹೇಳೋಣವೆಂದರೆ, ನನ್ನ ತಾಯಿ ತುಮಕೂರಿನಲ್ಲಿ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದ್ದಾರೆ.