ಎಮ್ಮೆ ಇಳಿಯುವ ಸ್ಥಳ

ಬೆಂಕಿ ಬಿದ್ದಿದೆಯೋ ಇಲ್ಲವೋ ಎಂದು ತೀರ್ಮಾನಿಸುವ ಅಧಿಕಾರ ಬಳ್ಳಾರಿಯ ಅಗ್ನಿ ನಷ್ಟ ಪರಿಶೀಲನಾ ಮಂಡಳಿಗೆ ಮಾತ್ರ ಇರುತ್ತದೆ. ಮಂಡಳಿಯವರು ಬೆಂಕಿ ಬಿದ್ದ ಜಾಗಕ್ಕೆ ಹೋಗುವುದಿಲ್ಲ. ಆ ಬಿಸಿಲಿಗೆ ಯಾರು ಹೋಗುತ್ತಾರೆ? ಅದಕ್ಕೆಂದೇ ಅವರು ‘ಬಯಲರಾಜ’ ಎಂಬ ವಿಡಿಯೋ ಗೇಮ್ ತರಿಸಿದ್ದಾರೆ. ಅದರೊಳಗೆ ಬೆಟ್ಟ, ಬಯಲು, ಹೊಳೆ ಎಲ್ಲಿ ಬೇಕಾದರೂ ತಿರುಗಬಹುದು, ಎಲ್ಲಿ ಬೇಕಾದರೂ ಬೆಂಕಿ ಹಚ್ಚಬಹುದು. ಅರ್ಜಿಯಲ್ಲಿ ಬರೆದಂತೆ ಆಟದಲ್ಲಿ ಬೆಂಕಿ ಹಚ್ಚುವುದು, ಆಟದಲ್ಲಿ ಆದದ್ದೇ ನಿಜವೆಂದು ಷರಾ ಬರೆಯುವುದು. ಇದು ನಿಯಮ.

ಸಿರುಗುಪ್ಪ ತಾಲೂಕಿನ ಕರೂರಿನಲ್ಲಿ ವಿದ್ಯುತ್ ತಂತಿಯ ಕಿಡಿ ಬಿದ್ದು ಗಾದೆಪ್ಪನ ಹುಲ್ಲಿನ ಬಣವೆ ಸುಟ್ಟುಹೋಯಿತು. ಅವನು ಕೇಳಿದ್ದು ಮುಂದಿನ ಸುಗ್ಗಿಯವರೆಗೆ ತನ್ನ ಒಂದು ಎಮ್ಮೆಗೆ ಮೇವು, ಅಷ್ಟೇ. ಎಮ್ಮೆ ಖಾಲಿ ಗೋದಲಿಯ ಮುಂದೆ ನಿಂತು ಅವನನ್ನೇ ನೋಡುತ್ತಿತ್ತು. ಆ ನೋಟ ಅವನಿಗೆ ತಡೆಯಲಾಗುತ್ತಿರಲಿಲ್ಲ.

ಮಂಡಳಿಯ ಕಚೇರಿಯಲ್ಲಿ, ಗಾದೆಪ್ಪನ ಎದುರಿಗೇ, ಆಪರೇಟರ್ ಶ್ರೀಕೃತಿ ಆಟದ ಬಣವೆಗೆ ಪಂಜು ಹಿಡಿದಳು. ಬಣವೆ ಹಾಗೆಯೇ ನಿಂತೇ ಇತ್ತು. ಅದು ಆಟದ ಮೊದಲ ಭಾಗ, ಅದರಲ್ಲಿ ಪಂಜು ಬಿಟ್ಟು ಬೇರೇನೂ ಉರಿಯುವುದಿಲ್ಲ.

"ನೋಡ್ರಿ ಗಾದೆಪ್ಪ, ನಿಮ್ಮ ಬಣವಿ ಸುಟ್ಟಿಲ್ಲ," ಎಂದರು ಅಧೀಕ್ಷಕ ಸತ್ಯಾತ್ಮ.

ಗಾದೆಪ್ಪ ಟವೆಲ್ಲಿನ ಗಂಟು ಬಿಚ್ಚಿದ. "ಬೂದಿ ತಂದೀನ್ರಿ ಸಾಹೇಬ್ರ."

"ಆಟದಾಗ ಬೂದಿ ಅನ್ನೋದ ಇಲ್ಲಲ್ರಿ."

ಕೆಲವು ತಿಂಗಳಿಗೆ ಎರಡನೆಯ ಭಾಗ ಬಂತು. ಅದರಲ್ಲಿ ಹುಲ್ಲು ಉರಿಯುತ್ತದೆ, ಗಾಳಿಗೆ ಬೆಂಕಿ ಹರಡುತ್ತದೆ. ಪರದೆಯ ಮೇಲೆ ಬಣವೆ ಧಗಧಗ ಉರಿದಾಗ ಗಾದೆಪ್ಪ ಖುಷಿಯಿಂದ ಚಪ್ಪಾಳೆ ತಟ್ಟಿದ. ಅಷ್ಟರಲ್ಲಿ ಗಾಳಿ ಎದ್ದು, ಬೆಂಕಿ ಕಾಲುವೆ ದಾಟಿ ಆಟದೊಳಗಿನ ಪಕ್ಕದ ಊರು ಹಚ್ಚೊಳ್ಳಿಯನ್ನು ಪೂರ್ತಿ ಸುಟ್ಟಿತು. ಗಾದೆಪ್ಪನಿಗೆ ನೋಟೀಸು ಹೋಯಿತು, ಹಚ್ಚೊಳ್ಳಿಯವರಿಗೆ ಸಂತಾಪ ಪತ್ರ ಹೋಯಿತು. ತಮ್ಮ ಊರು ಸುಟ್ಟದ್ದು ಅವರಿಗೆ ತಿಳಿದದ್ದೇ ಆಗ. ಪಾಪ, ಬಹಳ ನೊಂದುಕೊಂಡರು. ಕೆಲವರು ಗಾದೆಪ್ಪನೊಂದಿಗೆ ಮಾತು ಬಿಟ್ಟರು.

ಮೂರನೆಯ ಭಾಗದಲ್ಲಿ ಮಳೆ ಬಂದರೆ ಬೆಂಕಿ ಆರುವ ವ್ಯವಸ್ಥೆ ಇತ್ತು. ಹಚ್ಚೊಳ್ಳಿ ಉಳಿಯಿತು, ನೋಟೀಸು ವಾಪಸಾಯಿತು. ಆದರೆ ಇನ್ನೊಂದು ಸುಧಾರಣೆಯೂ ಆಗಿತ್ತು. ಬೆಂಕಿಯಿಂದ ಬಿಸಿಗಾಳಿ ಮೇಲೆದ್ದು ಹತ್ತಿರ ಇದ್ದವರನ್ನು ಹಾರಿಸಿಕೊಂಡು ಹೋಗುತ್ತಿತ್ತು. ಪರದೆಯಲ್ಲಿ ಬಣವೆಯ ಪಕ್ಕದ ಎಮ್ಮೆ ನಿಧಾನವಾಗಿ ಮೇಲೇರಿ, ಭತ್ತದ ಗದ್ದೆಗಳ ಮೇಲೆ ತೇಲಿ, ಕುರುಗೋಡು ಗುಡ್ಡದ ಬುಡದಲ್ಲಿ ಇಳಿಯಿತು.

"ನಿಮ್ಮ ಎಮ್ಮಿ ಎಲ್ಲೈತ್ರಿ ಈಗ?"

"ಮನ್ಯಾಗ ಐತ್ರಿ."

"ಹಂಗಾದ್ರ ಬೆಂಕಿ ಬಿದ್ದಿಲ್ಲ. ಬಿದ್ದಿದ್ರ ಹಾರತಿತ್ತು."

ಗಾದೆಪ್ಪನಿಗೆ ಎಮ್ಮೆಯ ಪಕ್ಕೆಲುಬುಗಳು ಕಣ್ಣ ಮುಂದೆ ಬಂದವು. "ಹಾರಿತ್ರಿ ಸಾಹೇಬ್ರ. ಹೇಣ್ತಿ ಅಂಜತಾಳಂತ ಬಾಯಿ ಬಿಟ್ಟಿದ್ದಿಲ್ರಿ."

"ಮೊದಲ ಹೇಳಬಾರದೇನ್ರಿ?" ಎಂದು ಸತ್ಯಾತ್ಮ ಬೇಸರದಿಂದಲೇ ಸಹಿ ಮಾಡಿದರು.

ಮೇವು ಮಂಜೂರಾಯಿತು. ಎಮ್ಮೆ ಇಳಿದ ಸ್ಥಳದಲ್ಲಿಯೇ ತಿನ್ನತಕ್ಕದ್ದು ಎಂಬ ಷರತ್ತಿತ್ತು. ಗಾದೆಪ್ಪನೂ ಅವನ ಹೆಂಡತಿ ಸಾವಂತ್ರಮ್ಮನೂ ಎಮ್ಮೆಯನ್ನು ಟ್ರ್ಯಾಕ್ಟರಿಗೆ ಹತ್ತಿಸಿಕೊಂಡು ಕುರುಗೋಡಿಗೆ ಹೊರಟರು. ಎಮ್ಮೆ ಹಾರಿ ಬಂತೆಂಬ ದಾಖಲೆಗೆ ಭಂಗ ಬರಬಾರದೆಂದು ಟ್ರ್ಯಾಕ್ಟರನ್ನು ಊರಾಚೆಯೇ ನಿಲ್ಲಿಸಿ, ಅಲ್ಲಿಂದ ಎಮ್ಮೆಯನ್ನು ನಡೆಸಿಕೊಂಡು ಹೋದರು.

ಗುಡ್ಡದ ಬುಡದಲ್ಲಿ ಮಂಡಳಿಯ ಜವಾನ ಮಲ್ಲಯ್ಯ ಮೇವಿನ ರಾಶಿ ಕಾಯುತ್ತ ಕೂತಿದ್ದ. "ಹಾರಿ ಬಂತೇನಪಾ?"

"ಹೂನ್ರಿ."

"ಭಾಳ ಬಡವಾಗೇತಿ."

"ಮ್ಯಾಲ ಮೇವು ಸಿಗಲಿಲ್ಲೇಳ್ರಿ," ಎಂದಳು ಸಾವಂತ್ರಮ್ಮ.

ಎಮ್ಮೆ ಹುಲ್ಲಿಗೆ ಬಾಯಿ ಹಾಕಿತು. ಅದು ಮೆಲ್ಲುವ ಸದ್ದು ಕೇಳಿ ಗಾದೆಪ್ಪನ ಕಣ್ಣು ತುಂಬಿ ಬಂತು. ಸುಗ್ಗಿಯವರೆಗೂ ಅಲ್ಲೇ ಇರೋಣ ಎಂದು ಗಂಡ ಹೆಂಡತಿ ಗುಡ್ಡದ ನೆರಳಿಗೆ ಗೋಣಿತಟ್ಟಿನ ಗುಡಿಸಲು ಕಟ್ಟಿಕೊಂಡರು.

ಈಗ ಅಲ್ಲಿ ಮಂಡಳಿಯ ಫಲಕವಿದೆ: ‘ಎಮ್ಮೆ ಇಳಿಯುವ ಸ್ಥಳ. ವಾಹನ ನಿಲ್ಲಿಸಬಾರದು.’ ಬಸ್ಸಿನವರು ಸ್ವಲ್ಪ ಮುಂದೆ ಹೋಗಿ ನಿಲ್ಲಿಸುತ್ತಾರೆ. ಇಳಿದವರು ರಸ್ತೆ ದಾಟುವಾಗ ಎಡಕ್ಕೆ ನೋಡುತ್ತಾರೆ, ಬಲಕ್ಕೆ ನೋಡುತ್ತಾರೆ, ಆಮೇಲೆ ಒಮ್ಮೆ ಮೇಲಕ್ಕೂ ನೋಡಿ ದಾಟುತ್ತಾರೆ.